ಕಚ್ಚದೆ ಹಿಡಿಯುವ ಬಾಯಿ

ಬೀಳಗಿ ಅಂದಕೂಡಲೇ ಸನಾದಿ ನೆನಪಾಗುವಷ್ಟು ಆ ವಾದ್ಯ ನಮ್ಮ ಭಾಗದ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಬೀಳಗಿಯವರೇ ಆದ ಕೃಷ್ಣಮೂರ್ತಿ ಪುರಾಣಿಕರು ಆ ಊರಿನ ಅಪ್ಪಣ್ಣ ಎಂಬ ಸನಾದಿ ವಾದಕನ ಬದುಕನ್ನು ಕಥೆಯಾಗಿಸಿದರು. 1977ರಲ್ಲಿ ಅದು ‘ಸನಾದಿ ಅಪ್ಪಣ್ಣ’ ಚಲನಚಿತ್ರವಾಯಿತು. ತೆರೆಯ ಮೇಲೆ ರಾಜಕುಮಾರ್ ಹಿಡಿದ ವಾದ್ಯಕ್ಕೆ ಉಸಿರು ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಜಾತ್ರೆಗಳಲ್ಲಿ ಕರಡಿ ಮಜಲಿನ ಗುಡುಗಿನ ಮೇಲೆ ತೇಲಿ ಬರುವ ದನಿಯೂ ಸನಾದಿಯದೇ. ಅದೇ ಬೀದಿಯಲ್ಲಿ, ಲಗ್ನದ ಮೆರವಣಿಗೆಯ ಬ್ಯಾಂಡ್ ಕಂಪನಿಯಲ್ಲಿ, ಇನ್ನೊಂದು ಕಪ್ಪು ಕೊಳವೆ ಕಾಣುತ್ತದೆ. ಅದು ಕ್ಲಾರಿನೆಟ್. ಸಿನಿಮಾ ಹಾಡಿನ ಸಾಲನ್ನು ಬ್ಯಾಂಡಿನಲ್ಲಿ ಬಹಳ ಸಲ ಎತ್ತಿ ನುಡಿಸುವುದು ಅದೇ. ಇಂದು ಮಾತನಾಡಬೇಕೆಂದಿರುವುದು ಆ ವಾದ್ಯವನ್ನು ಬಾಯಿಗೆ ಹಿಡಿಯುವ ಬಗೆಯ ಕುರಿತು. ವಿಷಯ ಸಣ್ಣದೆನಿಸಬಹುದು. ಆದರೆ ಕ್ಲಾರಿನೆಟ್ ಕಲಿಯಲು ಹೊರಟ ಹುಡುಗರು ನಡುವೆಯೇ ಬಿಟ್ಟುಬಿಡಲು ಬೆರಳಿನ ಕಷ್ಟಕ್ಕಿಂತ ತುಟಿಯ ನೋವೇ ಕಾರಣವಾಗುವುದುಂಟು. ಕೆಳತುಟಿಯ ಒಳಬದಿಯಲ್ಲಿ ಹಲ್ಲಿನ ಗುರುತು, ದವಡೆಯಲ್ಲಿ ಸೆಳೆತ, ಹತ್ತು ನಿಮಿಷಕ್ಕೆ ತುಟಿಯಂಚಿನಿಂದ ಸೋರುವ ಗಾಳಿ: ಇವೆಲ್ಲ ಕಲಿಕೆಯ ಸಹಜ ಕಷ್ಟಗಳೆಂದು ನಂಬಿದವರು ಬಹಳ. ನನ್ನ ವಾದ ಇದಕ್ಕೆ ವಿರುದ್ಧವಾದುದು. ಒಳ್ಳೆಯ ದನಿ ಕೊಡುವ ಬಾಯಿ ಮತ್ತು ನೋಯದ ಬಾಯಿ ಎರಡೂ ಒಂದೇ. ಅದನ್ನು ಕಲಿಯಲು ನಮ್ಮ ಸೀಮೆಯವರು ಬಹಳ ದೂರ ಹೋಗಬೇಕಿಲ್ಲ. ಸನಾದಿಯವರ ತುಟಿಯನ್ನು ಗಮನವಿಟ್ಟು ನೋಡಿದರೆ ದಾರಿ ಅರ್ಧ ಸಾಗುತ್ತದೆ.

ಮೊದಲು ವಾದ್ಯದೊಳಗೆ ನಡೆಯುವುದೇನೆಂದು ತಿಳಿಯೋಣ. ಕ್ಲಾರಿನೆಟ್‌ನ ಮೌತ್‌ಪೀಸ್ ಕೊಕ್ಕಿನ ಆಕಾರದ್ದು. ಅದರ ಚಪ್ಪಟೆ ಬದಿಗೆ ಒಂದೇ ಒಂದು ರೀಡನ್ನು ಪಟ್ಟಿಯಿಂದ ಬಿಗಿದಿರುತ್ತಾರೆ. ಆ ರೀಡು ಅರುಂಡೊ ಡೊನಾಕ್ಸ್ ಎಂಬ ಎತ್ತರದ ಹುಲ್ಲಿನ ಕಾಂಡದಿಂದ ಕೊಯ್ದದ್ದು. ನಮ್ಮ ಸೀಮೆಯ ಹೊಲಗಳಲ್ಲಿ ನಿಂತ ಕಬ್ಬು ಮತ್ತು ಜೋಳ ಸೇರಿದ ಹುಲ್ಲಿನ ಕುಲಕ್ಕೇ ಅದೂ ಸೇರಿದ್ದು. ಒಳ್ಳೆಯ ರೀಡಿಗೆ ಹೆಸರಾದದ್ದು ಫ್ರಾನ್ಸಿನ ದಕ್ಷಿಣದ ವಾರ್ ಪ್ರಾಂತ. ರೀಡಿನ ತುದಿ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ತೆಳು. ಅದಕ್ಕೂ ಮೌತ್‌ಪೀಸಿನ ತುದಿಗೂ ನಡುವೆ ಇರುವ ಸಂದು ಸುಮಾರು ಒಂದು ಮಿಲಿಮೀಟರ್. ಬಾಯೊಳಗಿನ ಗಾಳಿಯ ಒತ್ತಡ ರೀಡನ್ನು ಮೌತ್‌ಪೀಸಿನ ಕಡೆ ದೂಡುತ್ತದೆ, ಕೊಳವೆಯೊಳಗಿನ ಗಾಳಿಯ ಅಲೆ ಮರಳಿ ಬಂದು ಅದನ್ನು ತೆರೆಯುತ್ತದೆ. 440 ಕಂಪನದ ಸ್ವರ ನುಡಿಯುವಾಗ ಈ ತೆರೆದು ಮುಚ್ಚುವ ಆಟ ಸೆಕೆಂಡಿಗೆ 440 ಸಲ ನಡೆಯುತ್ತದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಭೌತವಿಜ್ಞಾನಿ ಜಾನ್ ಬ್ಯಾಕಸ್ ಯಂತ್ರದಿಂದ ಕ್ಲಾರಿನೆಟ್ ಊದಿಸಿ ರೀಡಿನ ಚಲನೆಯನ್ನು ಅಳೆದಾಗ ಒಂದು ಸಂಗತಿ ಕಂಡುಬಂತು: ಜೋರಾದ ಸ್ವರದಲ್ಲಿ ಪ್ರತಿ ಕಂಪನದ ಅರ್ಧದಷ್ಟು ಹೊತ್ತು ರೀಡು ಸಂದನ್ನು ಪೂರ್ತಿ ಮುಚ್ಚಿಯೇ ಇರುತ್ತದೆ. ಅಂದರೆ ರೀಡನ್ನು ಮುಚ್ಚುವ ಕೆಲಸ ಗಾಳಿಯದು. ಅದಕ್ಕೆ ಹಲ್ಲಿನ ಸಹಾಯ ಬೇಕಾಗಿಲ್ಲ.

ಹಾಗಾದರೆ ತುಟಿಯ ಕೆಲಸ ಯಾವುದು? ರೀಡಿಗೆ ತನ್ನದೇ ಒಂದು ದನಿ ಇದೆ. ಅದು ಸೆಕೆಂಡಿಗೆ ಸುಮಾರು ಎರಡರಿಂದ ಮೂರು ಸಾವಿರ ಕಂಪನಗಳ ಆಸುಪಾಸಿನದು. ತಡೆಯುವವರಿಲ್ಲದಿದ್ದರೆ ರೀಡು ಕೊಳವೆಯ ಮಾತು ಕೇಳದೆ ತನ್ನ ದನಿಯನ್ನೇ ನುಡಿಯುತ್ತದೆ. ಕಲಿಯುವವರ ಕ್ಲಾರಿನೆಟ್ ಇದ್ದಕ್ಕಿದ್ದಂತೆ ಕೀರಲು ಹೊರಡಿಸುವುದಕ್ಕೆ ಇದೂ ಒಂದು ಕಾರಣ. 1974ರಲ್ಲಿ ವಿಲ್ಸನ್ ಮತ್ತು ಬೀವರ್ಸ್ ಎಂಬ ಇಬ್ಬರು ಸಂಶೋಧಕರು ಕ್ಲಾರಿನೆಟ್‌ನ ಮಾದರಿಯೊಂದನ್ನು ಮಾಡಿ ಇದನ್ನು ತೋರಿಸಿಕೊಟ್ಟರು. ರೀಡಿನ ಮೇಲೆ ಕಂಪನ ತಗ್ಗಿಸುವ ಮೆತ್ತನೆಯ ತಡೆ ಸಾಕಷ್ಟಿದ್ದಾಗ ಕೊಳವೆಯ ಸ್ವರ ಬರುತ್ತದೆ, ತಡೆ ಕಡಿಮೆಯಾದಾಗ ರೀಡು ತನ್ನದೇ ಸ್ವರದ ಕಡೆ ಓಡುತ್ತದೆ. ಆ ಮೆತ್ತನೆಯ ತಡೆಯೇ ನಮ್ಮ ಕೆಳತುಟಿ. ಅದು ಮಾಂಸದ್ದಾಗಿರುವುದರಿಂದಲೇ ಈ ಕೆಲಸ ಮಾಡಬಲ್ಲದು. ಹಲ್ಲಿನ ಮೇಲೆ ಅದನ್ನು ಒತ್ತಿ ಹಿಂಡಿದಾಗ ಮಾಂಸದ ಮೆತ್ತನೆ ಗುಣ ಹೋಗಿ, ರೀಡಿಗೆ ಹಲ್ಲಿನ ಗಡಸೇ ತಾಗಿದಂತಾಗುತ್ತದೆ. ಆಗ ಸಂದು ಕಿರಿದಾಗುತ್ತದೆ, ಸ್ವರ ಏರುತ್ತದೆ, ದನಿ ತೆಳುವಾಗುತ್ತದೆ, ತುಟಿಗೆ ಗಾಯವೂ ಆಗುತ್ತದೆ. ನೋವಿಗೂ ಕೆಟ್ಟ ದನಿಗೂ ಮೂಲ ಒಂದೇ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. ಕ್ಲಾರಿನೆಟ್ ಊದಲು ಸಾಮಾನ್ಯವಾಗಿ ಬೇಕಾಗುವ ಗಾಳಿಯ ಒತ್ತಡ 30ರಿಂದ 50 ಸೆಂಟಿಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿ ಹಿಡಿಯುವಷ್ಟು. ಅದು ಹೊಟ್ಟೆ ಮತ್ತು ಪಕ್ಕೆಲುಬಿನ ಸ್ನಾಯುಗಳಿಂದ ಬರಬೇಕಾದ ಶಕ್ತಿ. ಅಲ್ಲಿಂದ ಅದು ಬಾರದಿದ್ದಾಗ ಕಲಿಯುವವನು ದವಡೆಯಿಂದ ಅದನ್ನು ತುಂಬಿಕೊಡಲು ನೋಡುತ್ತಾನೆ. ಕಚ್ಚುವಿಕೆ ಹುಟ್ಟುವುದು ಹೀಗೆ. ಗಾಳಿ ಸಾಲದೆಂಬುದಕ್ಕೆ ಅದು ಗುರುತು; ತುಟಿಗೆ ಶಕ್ತಿ ಸಾಲದೆಂದು ಅದರಿಂದ ತಿಳಿಯಬೇಕಿಲ್ಲ.

ಇದನ್ನು ಕಿವಿಯಿಂದಲೇ ಪರೀಕ್ಷಿಸಬಹುದು. ಮೌತ್‌ಪೀಸನ್ನು ಮಾತ್ರ ಬಿಚ್ಚಿಕೊಂಡು ಊದಿದರೆ, ಸಾಧಾರಣ ಬಿ ಫ್ಲಾಟ್ ಕ್ಲಾರಿನೆಟ್‌ನದಾದರೆ, ಹಾರ್ಮೋನಿಯಮ್‌ನ ಮಧ್ಯದ ಸಿ ಮನೆಯಿಂದ ಎರಡು ಸಪ್ತಕ ಮೇಲಿನ ಸಿ ಹತ್ತಿರದ ಸ್ವರ ಬರಬೇಕೆಂದು ಶಿಕ್ಷಕರು ಹೇಳುತ್ತಾರೆ. ಅದಕ್ಕಿಂತ ಮೇಲೇರಿದರೆ ಊದುವವನು ಕಚ್ಚುತ್ತಿದ್ದಾನೆ, ಬಹಳ ಕೆಳಗಿಳಿದರೆ ಬಾಯಿ ಸಡಿಲವಾಗಿದೆ. ಬ್ಯಾರಲ್ ಎಂಬ ಗಿಡ್ಡ ತುಂಡನ್ನು ಸೇರಿಸಿ ಊದಿದರೆ ಎಫ್ ಶಾರ್ಪ್ ಹತ್ತಿರ ನಿಲ್ಲಬೇಕು. ಸಂಗೀತ ಶಾಲೆಗಳಲ್ಲಿ ಹಾರ್ಮೋನಿಯಮ್ ಇದ್ದೇ ಇರುತ್ತದೆ. ಬೇರೆ ಯಂತ್ರ ಬೇಕಿಲ್ಲ. ಮೌತ್‌ಪೀಸನ್ನು ಎಷ್ಟು ಬಾಯೊಳಗೆ ಇಟ್ಟುಕೊಳ್ಳಬೇಕೆಂಬುದಕ್ಕೂ ಒಂದು ಸರಳ ಉಪಾಯವಿದೆ. ತೆಳುವಾದ ಕಾಗದದ ಚೂರನ್ನು ರೀಡಿಗೂ ಮೌತ್‌ಪೀಸಿಗೂ ನಡುವೆ ತೂರಿಸಿ, ಅದು ತಾನಾಗಿ ತಡೆದು ನಿಲ್ಲುವ ಜಾಗಕ್ಕೆ ಸರಿಯಾಗಿ ರೀಡಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ರೀಡು ಮೌತ್‌ಪೀಸನ್ನು ಬಿಟ್ಟು ಬಾಗಲು ಶುರುವಾಗುವ ಜಾಗ ಅದು. ಕೆಳತುಟಿ ಕೂರಬೇಕಾದದ್ದು ಅಲ್ಲಿ. ಹೊಸಬರು ಅಂಜಿಕೆಯಿಂದ ತುದಿಯನ್ನಷ್ಟೇ ತುಟಿಗೆ ತಾಗಿಸುತ್ತಾರೆ. ತುದಿಯಲ್ಲಿ ಸ್ವಲ್ಪ ಒತ್ತಿದರೂ ಸಂದು ಮುಚ್ಚಿಹೋಗುವುದರಿಂದ ದನಿ ಕಟ್ಟುತ್ತದೆ, ದನಿ ಕಟ್ಟಿದ್ದಕ್ಕೆ ಮತ್ತೂ ಒತ್ತುತ್ತಾರೆ. ಗೆರೆಯನ್ನು ದಾಟಿ ಬಹಳ ಒಳಗೆ ಹೋದರೆ ತುಟಿಯ ತಡೆ ಸಿಗದೆ ರೀಡು ಕಿರುಚುತ್ತದೆ. ಉಳಿದದ್ದು ಚಿಕ್ಕ ವಿವರ: ಕೆಳತುಟಿಯ ಕೆಂಪು ಭಾಗ ಅರ್ಧದಷ್ಟು ಮಾತ್ರ ಹಲ್ಲಿನ ಮೇಲೆ ಮಡಚಿಕೊಳ್ಳಲಿ, ಗದ್ದ ಗಂಟಾಗದೆ ಚಪ್ಪಟೆಯಾಗಿರಲಿ, ತುಟಿಯ ಎರಡು ಮೂಲೆಗಳು ನಗುವಾಗಿನಂತೆ ಹೊರಗೆ ಹರಡದೆ ಮೌತ್‌ಪೀಸಿನ ಕಡೆಗೆ ಕೂಡಿಕೊಳ್ಳಲಿ, ಕೆನ್ನೆ ಉಬ್ಬದಿರಲಿ.

ಇನ್ನು ಸನಾದಿಗೆ ಬರುತ್ತೇನೆ. ಸನಾದಿಗೆ ಮೌತ್‌ಪೀಸ್ ಇಲ್ಲ. ಎರಡು ಎಲೆಗಳು ಎದುರುಬದುರಾಗಿ ಕೂಡಿದ ಪುಟ್ಟ ರೀಡು ನೇರವಾಗಿ ಎರಡು ತುಟಿಗಳ ನಡುವೆ ಕೂಡುತ್ತದೆ. ಹಲ್ಲಿನಿಂದ ಒತ್ತಿದರೆ ಅದು ಅಲ್ಲಿಗೆ ಮುಗಿಯಿತು, ದನಿಯೇ ಹೊರಡದು. ಆದ್ದರಿಂದ ಸನಾದಿ ಕಲಿಯುವ ಹುಡುಗನಿಗೆ ಕಚ್ಚುವ ಚಾಳಿ ಬೆಳೆಯಲು ಎಡೆಯೇ ಇರುವುದಿಲ್ಲ. ಅವನ ತುಟಿ ಮೊದಲ ದಿನದಿಂದಲೂ ಸುತ್ತಲಿಂದ ಸಮನಾಗಿ ಕೂಡಿಕೊಳ್ಳುವುದನ್ನು ಕಲಿಯುತ್ತದೆ, ಹೊಟ್ಟೆ ಗಾಳಿ ಕೊಡುವುದನ್ನು ಕಲಿಯುತ್ತದೆ. ಶ್ರುತಿ ಹಿಡಿಯುವವನಂತೂ ಮೂಗಿನಿಂದ ಉಸಿರೆಳೆದುಕೊಳ್ಳುತ್ತ ಕೆನ್ನೆಯ ಗಾಳಿಯಿಂದ ಸ್ವರ ಕಡಿಯದಂತೆ ನಡೆಸುತ್ತಾನೆ. ಈ ವಿದ್ಯೆ ನಮ್ಮ ಭಜಂತ್ರಿ ಮನೆತನಗಳಲ್ಲಿ ತಲೆಮಾರುಗಳಿಂದ ಬಂದದ್ದು. ಅದನ್ನು ಕ್ಲಾರಿನೆಟ್‌ನ ಪಾಠಕ್ಕೆ ಯಾರೂ ಜೋಡಿಸಿ ನೋಡಿಲ್ಲವೆಂಬುದು ನನಗೆ ಬೇಸರದ ಸಂಗತಿ. ಕ್ಲಾರಿನೆಟ್‌ನಲ್ಲಿ ಮೇಲಿನ ಹಲ್ಲು ಗಟ್ಟಿಯಾದ ಮೌತ್‌ಪೀಸಿನ ಮೇಲೆ ನೇರವಾಗಿ ಕೂಡುತ್ತದೆ. ಹಲ್ಲಿಗೆ ಊರಲು ಜಾಗ ಸಿಕ್ಕಿತೆಂದರೆ ಕೆಳದವಡೆಗೆ ಒತ್ತುವ ಆಸೆ ಹುಟ್ಟುತ್ತದೆ. ಆ ಊರುಗೋಲನ್ನು ತೆಗೆದುಬಿಡುವ ಪದ್ಧತಿಯೂ ಇದೆ. ಮೇಲ್ದುಟಿಯನ್ನೂ ಮೇಲಿನ ಹಲ್ಲಿನ ಮೇಲೆ ಮಡಚಿ, ಎರಡೂ ತುಟಿಗಳಿಂದ ಮೌತ್‌ಪೀಸನ್ನು ಹಿಡಿಯುವುದು. ಅಮೆರಿಕದ ರಾಲ್ಫ್ ಮೆಕ್‌ಲೇನ್, ಹೆರಾಲ್ಡ್ ರೈಟ್, ರಿಚರ್ಡ್ ಸ್ಟಾಲ್ಟ್ಸ್‌ಮನ್, ಇಂಗ್ಲೆಂಡಿನ ರೆಜಿನಾಲ್ಡ್ ಕೆಲ್ ಹೀಗೆ ನುಡಿಸಿದ ಹೆಸರಾಂತರು. ಅವರ ಮೃದುವಾದ, ತುಂಬಿದ ದನಿಗೆ ಈ ಹಿಡಿತವೂ ಕಾರಣವೆಂದು ಬಲ್ಲವರು ಹೇಳುತ್ತಾರೆ. ಇದು ಸನಾದಿಯವರ ಬಾಯಿಗೆ ಬಹಳ ಹತ್ತಿರದ್ದು. ಕಚ್ಚಿದರೆ ಮೇಲ್ದುಟಿ ಕೂಡಲೇ ನೋಯುವುದರಿಂದ ಕಚ್ಚಲು ಆಗುವುದೇ ಇಲ್ಲ.

ಎರಡು ತುಟಿಯ ಹಿಡಿತಕ್ಕೆ ಆಕ್ಷೇಪಗಳಿವೆ, ಅವು ಹುರುಳಿಲ್ಲದವಲ್ಲ. ಹಲ್ಲಿನ ಆಧಾರವಿಲ್ಲದಿದ್ದರೆ ವಾದ್ಯ ಬಾಯಲ್ಲಿ ಅಲುಗುತ್ತದೆ. ನಡೆಯುತ್ತ ನುಡಿಸುವ ಬ್ಯಾಂಡಿನವನಿಗೆ ಪ್ರತಿ ಹೆಜ್ಜೆಯ ಕುಲುಕಾಟವೂ ತುಟಿಗೆ ತಟ್ಟುತ್ತದೆ. ಮೇಲ್ದುಟಿ ಬೇಗ ದಣಿಯುತ್ತದೆ. ಮೆರವಣಿಗೆಯಲ್ಲಿ ಇದೇ ಹಿಡಿತದಿಂದ ನುಡಿಸಿರೆಂದು ನಾನು ಹೇಳಲಾರೆ. ಕೂತು ಸಾಧನೆ ಮಾಡುವಾಗ ದಿನಕ್ಕೆ ಹತ್ತು ನಿಮಿಷ ಹೀಗೆ ದೀರ್ಘ ಸ್ವರಗಳನ್ನು ನುಡಿಸಿ, ಆಮೇಲೆ ಸ್ವರ ನಿಲ್ಲಿಸದೆ ಮೇಲಿನ ಹಲ್ಲನ್ನು ಮೆಲ್ಲಗೆ ಮೌತ್‌ಪೀಸಿನ ಮೇಲೆ ಇಳಿಸಿದರೆ ಸಾಕು. ದನಿ ಬದಲಾಗಬಾರದು. ಬದಲಾದರೆ ಹಲ್ಲಿನ ಜೊತೆಗೆ ದವಡೆಯೂ ಬಿಗಿಯಿತೆಂದು ತಿಳಿಯುತ್ತದೆ. ಒಂದು ಹಿಡಿತ ಇನ್ನೊಂದಕ್ಕೆ ಹೀಗೆ ಗುರುವಾಗಬಹುದು.

‘ಇದೆಲ್ಲ ಪಶ್ಚಿಮದವರು ನಿಷ್ಕರ್ಷೆ ಮಾಡಿಟ್ಟ ಕ್ರಮ, ಅದನ್ನು ಬದಲಿಸಲು ನಾವ್ಯಾರು?’ ಎಂದು ಕೇಳುವವರಿದ್ದಾರೆ. ಅವರ ಕ್ರಮವೇ ಎಷ್ಟು ಬದಲಾಗಿದೆ ನೋಡಿ. 1700ರ ಸುಮಾರಿಗೆ ನ್ಯೂರೆಂಬರ್ಗಿನ ಡೆನರ್ ಮನೆತನದವರು ಶಾಲುಮೊ ಎಂಬ ಹಳೆಯ ವಾದ್ಯವನ್ನು ಬೆಳೆಸಿ ಕ್ಲಾರಿನೆಟ್ ಮಾಡಿದ ಮೇಲೆ, ಮುಂದೆ ನೂರು ವರ್ಷದವರೆಗೂ ಬಹಳ ಜನ ರೀಡನ್ನು ಮೇಲೆ ಮಾಡಿ, ಮೇಲ್ದುಟಿಗೆ ತಾಗಿಸಿ ನುಡಿಸುತ್ತಿದ್ದರು. ಹದಿಮೂರು ಕೀಲಿಗಳ ವಾದ್ಯವನ್ನು 1812ರ ಹೊತ್ತಿಗೆ ರೂಪಿಸಿದ ಇವಾನ್ ಮ್ಯೂಲರ್ ರೀಡು ಕೆಳಗಿರಬೇಕೆಂದು ವಾದಿಸಿದ. ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಆ ಪದ್ಧತಿ ಅಧಿಕೃತವಾದದ್ದು 1831ರಲ್ಲಿ, ಫ್ರೆಡರಿಕ್ ಬೆರ್ ಅಧ್ಯಾಪಕನಾದಾಗ. ಇಟಲಿಯ ನೇಪಲ್ಸ್‌ನವರು ಇಪ್ಪತ್ತನೆಯ ಶತಮಾನದವರೆಗೂ ರೀಡನ್ನು ಮೇಲೆಯೇ ಇಟ್ಟುಕೊಂಡರು. ಸ್ವರ ತುಂಬಿ ಬರಬೇಕು, ನಾಲಗೆ ಸಲೀಸಾಗಿ ಆಡಬೇಕು, ತುಟಿ ಬಾಳಬೇಕು: ಈ ಮೂರನ್ನು ಹುಡುಕುತ್ತ ಪ್ರತಿ ತಲೆಮಾರೂ ಬಾಯನ್ನು ತಿದ್ದಿಕೊಂಡಿದೆ. ಮೈಸೂರಿನ ಅರಮನೆಯ ವಾದ್ಯಮೇಳದಿಂದ ಹಿಡಿದು ನಮ್ಮ ಊರಿನ ಬ್ಯಾಂಡ್ ಕಂಪನಿಯವರೆಗೆ ಈ ವಾದ್ಯವನ್ನು ಎತ್ತಿಕೊಂಡ ನಮ್ಮವರಿಗೂ ಆ ಹಕ್ಕಿದೆ.

ಅತಿ ಹೆಚ್ಚು ಕೇಳಿಬರುವ ಆಕ್ಷೇಪ ಮೇಲಿನ ಸ್ವರಗಳದು. ಕಚ್ಚದಿದ್ದರೆ ತಾರಸ್ಥಾಯಿ ಹತ್ತುವುದೇ ಇಲ್ಲ ಎನ್ನುತ್ತಾರೆ. ಇದರ ಸತ್ಯವನ್ನು ಒಂದು ನಿಮಿಷದಲ್ಲಿ ಪರೀಕ್ಷಿಸಬಹುದು. ಕ್ಲಾರಿನೆಟ್‌ನ ಕೊಳವೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಅಗಲ, ರೀಡಿನ ಕಡೆ ಮುಚ್ಚಿದಂಥದ್ದು. ಆದ್ದರಿಂದ ಅದು ಷಡ್ಜದಿಂದ ಮೇಲಿನ ಷಡ್ಜಕ್ಕೆ ಹಾರುವುದಿಲ್ಲ. ಮೇಲಿನ ಸಪ್ತಕದ ಪಂಚಮಕ್ಕೇ ನೇರ ಹಾರುತ್ತದೆ. ಸನಾದಿ ತಳದ ಕಡೆ ಅಗಲವಾಗುತ್ತ ಹೋಗುವ ಕೊಳವೆಯಾದ್ದರಿಂದ ಷಡ್ಜದಿಂದ ಷಡ್ಜಕ್ಕೆ ಹೋಗುತ್ತದೆ. ಸನಾದಿ ನುಡಿಸಿದವರು ಕ್ಲಾರಿನೆಟ್ ಹಿಡಿದಾಗ ಮೊದಲು ಗಲಿಬಿಲಿಯಾಗುವುದು ಇಲ್ಲಿಯೇ. ಆ ಜಿಗಿತ ಮಾಡಿಸುವುದು ಎಡಗೈ ಹೆಬ್ಬೆರಳಿನ ಮೇಲಿರುವ ಒಂದು ಕೀಲಿ. ಈಗ ವಿದ್ಯಾರ್ಥಿ ಕೆಳಗಿನ ಒಂದು ಸ್ವರವನ್ನು ತುಂಬು ಗಾಳಿಯಿಂದ ನುಡಿಸುತ್ತಿರಲಿ, ಬೇರೆಯವರು ಅವನಿಗೆ ಹೇಳದೆ ಆ ಕೀಲಿಯನ್ನು ಒತ್ತಲಿ. ಬಾಯಿ ಸರಿಯಾಗಿದ್ದರೆ, ತುಟಿಯಲ್ಲಿ ಏನೂ ಬದಲಾಗದೆಯೇ, ಸ್ವರ ತಾನಾಗಿ ಮೇಲಕ್ಕೆ ಹಾರುತ್ತದೆ. ಯಾವ ಬಾಯಿಗೆ ಅದು ಹಾರುವುದಿಲ್ಲವೋ ಆ ಬಾಯಿ ಕೆಳಗಿನ ಸ್ವರವನ್ನೇ ತಪ್ಪಾಗಿ ಹಿಡಿದಿತ್ತು. ಇನ್ನೂ ಮೇಲಿನ, ಮೂರನೆಯ ಸ್ತರದ ಸ್ವರಗಳಿಗೆ ತುಟಿಯ ಮೂಲೆಗಳು ಸ್ವಲ್ಪ ಬಿಗಿಯಾಗಬೇಕು, ನಾಲಗೆಯ ಹಿಂಭಾಗ ಮೇಲೇರಬೇಕು ಎಂಬುದು ನಿಜ. ಆ ಬಿಗಿ ಸುತ್ತಲಿನಿಂದ ಬರುತ್ತದೆ, ಕೆಳಗಿನಿಂದ ಮೇಲಕ್ಕೆ ಒತ್ತಿದ್ದರಿಂದಲ್ಲ.

ಬ್ಯಾಂಡಿನವರ ಆಕ್ಷೇಪ ಬೇರೆ. ಅವರು ನುಡಿಸುವುದು ಸಭಾಂಗಣದಲ್ಲಲ್ಲ. ಡ್ರಮ್ಮು, ಟ್ರಂಪೆಟ್ಟು, ಧ್ವನಿವರ್ಧಕ, ಪಟಾಕಿ ಇವುಗಳ ನಡುವೆ ಕೇಳಿಸಬೇಕು. ಮೆತ್ತಗೆ ಹಿಡಿದರೆ ಯಾರಿಗೆ ಕೇಳಿಸೀತು ಎಂಬ ಅವರ ಪ್ರಶ್ನೆ ಹೊಟ್ಟೆಪಾಡಿನ ಪ್ರಶ್ನೆ; ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಜೋರು ಬೇಕಾದಾಗ ಕಚ್ಚಿದರೆ ಸಂದು ಕಿರಿದಾಗಿ ಒಳಹೋಗುವ ಗಾಳಿಯೇ ಕಡಿಮೆಯಾಗುತ್ತದೆ. ಚೂಪಾದ ದನಿ ಹತ್ತಿರದವರ ಕಿವಿಗೆ ಕುಟುಕುವುದೇ ಹೊರತು ದೂರ ಸಾಗುವುದಿಲ್ಲ. ತೊಂದರೆಯ ಬಹುಪಾಲು ಇರುವುದು ಸಾಮಾನಿನಲ್ಲಿ ಎಂದು ನನಗನಿಸುತ್ತದೆ. ದೇಶದ ಬ್ಯಾಂಡ್ ವಾದ್ಯಗಳ ದೊಡ್ಡ ಕೇಂದ್ರ ಉತ್ತರ ಪ್ರದೇಶದ ಮೀರತ್. ಅಲ್ಲಿಯ ಜಾಲಿ ಕೋಠಿ ಓಣಿಗಳಿಂದ ಬರುವ ವಾದ್ಯಗಳೇ ಕಡಿಮೆ ಬೆಲೆಗೆ ಹಳ್ಳಿ ಹಳ್ಳಿಗೆ ಬ್ಯಾಂಡು ಕೊಟ್ಟವು. ಆದರೆ ಯಾವುದೇ ವಾದ್ಯವಾಗಲಿ, ಮೌತ್‌ಪೀಸಿನ ಸಂದು ತೀರ ಅಗಲವಾಗಿದ್ದು ಅದಕ್ಕೆ ಗಟ್ಟಿ ರೀಡು ಹಾಕಿದರೆ ಯಾವ ಬಾಯಿಯೂ ಕಚ್ಚದೆ ಇರಲಾರದು. ರೀಡಿನ ಮೇಲೆ ಎರಡು, ಎರಡೂವರೆ, ಮೂರು ಎಂದು ಗಡಸಿನ ಅಂಕಿ ಅಚ್ಚಾಗಿರುತ್ತದೆ. ಹೆಚ್ಚಿನ ಅಂಕಿಯೇ ಹೆಚ್ಚಿನ ವಿದ್ವತ್ತೆಂಬ ತಪ್ಪು ಭಾವನೆ ಬಹಳ ಕಡೆ ಇದೆ. ಹೊಸಬನಿಗೆ ಎರಡು ಅಥವಾ ಎರಡೂವರೆ ಸಾಕು. ಜೊತೆಗೆ ನಮ್ಮ ಹವೆ. ಲಗ್ನದ ಹಂಗಾಮು ಬರುವುದು ಬಿಸಿಲು 40 ಡಿಗ್ರಿ ಮುಟ್ಟುವ ತಿಂಗಳುಗಳಲ್ಲಿ. ಒಣಗಾಳಿಯಲ್ಲಿ ರೀಡಿನ ತುದಿ ಹಪ್ಪಳದಂತೆ ಅಲೆಯಲೆಯಾಗಿ ಸೊಟ್ಟಗಾಗುತ್ತದೆ, ಸೊಟ್ಟಗಾದ ರೀಡನ್ನು ಕಚ್ಚಿ ನೆಟ್ಟಗೆ ಮಾಡಲು ತುಟಿ ಹೆಣಗುತ್ತದೆ. ನಾಲ್ಕು ರೀಡುಗಳನ್ನು ಸರದಿಯಲ್ಲಿ ಬಳಸುವುದು, ನುಡಿಸುವ ಮೊದಲು ಎರಡು ನಿಮಿಷ ನೀರಿನಲ್ಲಿ ನೆನೆಸುವುದು, ಮುಗಿದ ಮೇಲೆ ಒರೆಸಿ ಚಪ್ಪಟೆಯಾಗಿ ಮುಚ್ಚಿಡುವುದು ಇವು ದುಬಾರಿ ಉಪಾಯಗಳಲ್ಲ. ಗಾಳಿ ಕಾದಂತೆ ಸ್ವರ ಏರುತ್ತದೆ. ಹತ್ತು ಡಿಗ್ರಿಗೆ ಅರ್ಧ ಸ್ವರದ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೂ ಏರಬಹುದು. ಅದನ್ನು ಬ್ಯಾರಲನ್ನು ಒಂದಿಷ್ಟು ಹೊರಗೆಳೆದು ಸರಿಮಾಡಬೇಕು. ತುಟಿಯಿಂದ ಸರಿಮಾಡುತ್ತ ಕೂತರೆ ಮೆರವಣಿಗೆ ಮುಗಿಯುವ ಹೊತ್ತಿಗೆ ಬಾಯಿ ಬಿದ್ದುಹೋಗುತ್ತದೆ.

ನಮ್ಮ ಸಂಗೀತದ ದೃಷ್ಟಿಯಿಂದ ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಮೀಂಡಿನದು. ಪಶ್ಚಿಮದವರಿಗೆ ಬಿಡಿಬಿಡಿಯಾದ ಸ್ವರ ಸಾಕು, ಬಾಯಿ ಸ್ಥಿರವಾಗಿದ್ದರೂ ನಡೆಯುತ್ತದೆ; ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕಾದ ನಮಗೆ ತುಟಿಯನ್ನು ಬಿಗಿದು ಸಡಿಲಿಸಲೇಬೇಕಲ್ಲ ಎಂಬುದು ವಾದ. ಇದಕ್ಕೆ ಉತ್ತರ ಅಚ್ಚರಿ ಎನಿಸುವ ಕಡೆಯಿಂದ ಬಂದಿದೆ. ಜಾರ್ಜ್ ಗರ್ಶ್ವಿನ್ 1924ರಲ್ಲಿ ರಚಿಸಿದ ‘ರ‍್ಯಾಪ್ಸಡಿ ಇನ್ ಬ್ಲೂ’ ಎಂಬ ಕೃತಿ ಶುರುವಾಗುವುದೇ ಕ್ಲಾರಿನೆಟ್‌ನ ಒಂದು ಉದ್ದನೆಯ ಮೀಂಡಿನಿಂದ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಚೆನ್, ಸ್ಮಿತ್, ವುಲ್ಫ್ ಎಂಬವರು 2009ರಲ್ಲಿ ಆ ಮೀಂಡು ನುಡಿಸುವವರ ಬಾಯೊಳಗನ್ನು ಅಳೆದು ನೋಡಿದರು. ಬೆರಳುಗಳು ರಂಧ್ರಗಳ ಮೇಲಿಂದ ಮೆಲ್ಲಗೆ ಜಾರುವುದರ ಜೊತೆಗೆ, ನುರಿತವರು ನಾಲಗೆ ಮತ್ತು ಗಂಟಲನ್ನು ಅಣಿಮಾಡಿಕೊಂಡು ಬಾಯೊಳಗಿನ ಅನುರಣನವನ್ನೇ ಸ್ವರದ ಹತ್ತಿರಕ್ಕೆ ತರುತ್ತಾರೆಂದು ಕಂಡುಬಂತು. ಅಂದರೆ ಮೀಂಡಿನ ಗುಟ್ಟು ಬಹುಪಾಲು ತುಟಿಯ ಹಿಂದೆ ಇದೆ. ಹಾಡುವವರು ಸ್ವರಕ್ಕೆ ಬಳಸುವ ಜಾಗವೂ ಅದೇ. ರಾಯಚೂರು ಜಿಲ್ಲೆಯ ಪಂಡಿತ ನರಸಿಂಹಲು ವಡವಾಟಿಯವರ ವಾದನವನ್ನು ಈ ಬೆಳಕಿನಲ್ಲಿ ಕೇಳಬೇಕು. ಅವರು ಕಲಿತದ್ದು ಹಾಡುಗಾರರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರಲ್ಲಿ. ಗಾಯಕಿಯನ್ನೇ ಕ್ಲಾರಿನೆಟ್‌ಗೆ ಇಳಿಸಿದರು. ದಕ್ಷಿಣಕ್ಕೆ ಬಂದರೆ ತಿರುಚಿರಾಪಳ್ಳಿಯ ಎ.ಕೆ.ಸಿ. ನಟರಾಜನ್ ನಾಗಸ್ವರದ ಬಾನಿಯನ್ನು ಕ್ಲಾರಿನೆಟ್‌ನಲ್ಲಿ ನುಡಿಸಿ ಸಂಗೀತ ಕಲಾನಿಧಿ ಗೌರವ ಪಡೆದರು. ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರು ಕ್ಲಾರಿನೆಟ್‌ನಂತೆಯೇ ಒಂಟಿ ರೀಡಿನ ಸ್ಯಾಕ್ಸೊಫೋನಿನಲ್ಲಿ ಗಮಕಗಳನ್ನು ಹೊರಡಿಸಿದರು. ಇವರೆಲ್ಲರ ಬೇರು ಒಂದೋ ಕಂಠದಲ್ಲಿದೆ, ಇಲ್ಲವೇ ಹಲ್ಲು ತಾಗದ ಎರಡೆಲೆ ರೀಡಿನ ಪರಂಪರೆಯಲ್ಲಿದೆ. ಇದು ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ತುಟಿಯೂ ಸ್ವರವನ್ನು ಬಾಗಿಸುತ್ತದೆ ನಿಜ. ಆದರೆ ತುಟಿಯಿಂದ ಸ್ವರವನ್ನು ಕೆಳಗೆ ಬಾಗಿಸುವುದು ಸುಲಭ, ಮೇಲಕ್ಕೆ ಎತ್ತುವುದು ಬಹಳ ಕಡಿಮೆ. ಕಚ್ಚಿ ಹಿಡಿದವನು ಆ ಮೇಲಿನ ಅಲ್ಪಸ್ವಲ್ಪ ಜಾಗವನ್ನೂ ಮೊದಲೇ ಖರ್ಚು ಮಾಡಿಬಿಟ್ಟಿರುತ್ತಾನೆ. ಕ್ಲಾರಿನೆಟ್ ಕಲಿಯುವ ಹುಡುಗನಿಗೆ ಮೊದಲು ಅಲಂಕಾರಗಳನ್ನು ಬಾಯಲ್ಲಿ ಹಾಡಿಸಿ, ಆಮೇಲೆ ಅದೇ ನಾಲಗೆಯ ನೆಲೆಯಿಂದ ಊದಿಸುವುದು ನಮ್ಮ ಸಂಗೀತಕ್ಕೆ ತಕ್ಕ ಪಾಠಕ್ರಮ.

ಬಾಯಿಯ ಮಾತು ಆಡುವಾಗ ಬಲಗೈ ಹೆಬ್ಬೆರಳನ್ನು ಮರೆಯುವುದು ವಾಡಿಕೆ. ಮರದ ಕ್ಲಾರಿನೆಟ್ ಸುಮಾರು 800 ಗ್ರಾಂ ತೂಗುತ್ತದೆ. ಆ ಭಾರದ ಬಹುಭಾಗ ಹೊರುವುದು ಆ ಒಂದು ಬೆರಳು. ಅದು ದಣಿದಾಗ ವಾದ್ಯ ಕೆಳಗೆ ಜಗ್ಗುತ್ತದೆ, ಜಗ್ಗಿದ್ದನ್ನು ಬಾಯಿ ಕಚ್ಚಿ ಹಿಡಿಯುತ್ತದೆ. ಹೆಬ್ಬೆರಳು ವಾದ್ಯವನ್ನು ಮೇಲಕ್ಕೆ, ಮೇಲಿನ ಹಲ್ಲಿನ ಕಡೆಗೆ, ಮೆಲ್ಲಗೆ ಎತ್ತಿಕೊಟ್ಟರೆ ಕೆಳದವಡೆಗೆ ಆ ಕೆಲಸ ಬೀಳುವುದಿಲ್ಲ. ಚಿಕ್ಕ ಮಕ್ಕಳಿಗೆ ಕೊರಳಪಟ್ಟಿ ಹಾಕಿಕೊಡುವುದರಲ್ಲಿ ನಾಚಿಕೆಯ ಮಾತೇನೂ ಇಲ್ಲ. ವಾದ್ಯ ದೇಹದಿಂದ 30ರಿಂದ 45 ಡಿಗ್ರಿ ಓರೆಯಲ್ಲಿರಬೇಕು. ತಲೆ ತಗ್ಗಿಸಿ ವಾದ್ಯವನ್ನು ಮುಂದಕ್ಕೆ ಚಾಚಿದರೆ ರೀಡು ತುಟಿಗೆ ಕೂಡುವ ಕೋನವೇ ಬದಲಾಗಿಬಿಡುತ್ತದೆ. ನಡೆಯುತ್ತ ನುಡಿಸುವವರು ಜನರಿಗೆ ಕಾಣಲೆಂದು ವಾದ್ಯವನ್ನು ಎತ್ತುತ್ತಾರೆ. ಎತ್ತುವಾಗ ತಲೆಯೂ ಜೊತೆಗೇ ಏರಿದರೆ ಕೋನ ಕೆಡುವುದಿಲ್ಲ.

ಕೊನೆಗೆ, ನೋವೇ ಸಾಧನೆಯ ಗುರುತೆಂಬ ನಂಬಿಕೆಯ ಕುರಿತು. ತಂತಿ ವಾದ್ಯದವರ ಬೆರಳಿಗೆ ಗಟ್ಟಿ ಕಟ್ಟುತ್ತದೆ, ಹಾಗೆಯೇ ಊದುವವರ ತುಟಿಗೂ ಕಟ್ಟಬೇಕು ಎನ್ನುವ ಹಿರಿಯರಿದ್ದಾರೆ. ಬೆರಳಿನ ಚರ್ಮ ಒರಟಾಗಿಯೇ ಕೆಲಸ ಮಾಡಬಲ್ಲದು. ತುಟಿಯ ಕೆಲಸ ಮೆತ್ತಗಿದ್ದು ರೀಡಿನ ಕಂಪನವನ್ನು ತಗ್ಗಿಸುವುದು. ಅದಕ್ಕೆ ಗಂಟು ಕಟ್ಟಿದರೆ ಅದರ ಗುಣವೇ ಕೆಟ್ಟಂತೆ. ಸ್ನಾಯುವಿನ ದಣಿವು ಬೇರೆ, ಗಾಯ ಬೇರೆ. ತುಟಿಯ ಮೂಲೆಗಳು ದಣಿದರೆ ಅದು ಒಳ್ಳೆಯ ದಣಿವು, ಒಂದು ರಾತ್ರಿಗೆ ಹೋಗುತ್ತದೆ. ತುಟಿಯ ಒಳಗೆ ಹಲ್ಲಿನ ಗುರುತು ಮೂಡಿದರೆ ಅಂದಿನ ಸಾಧನೆ ಅಲ್ಲಿಗೆ ನಿಲ್ಲಿಸಬೇಕು. ಹೊಸಬರಿಗೆ ಒಂದೇ ಸಮ ಒಂದು ಗಂಟೆಗಿಂತ ಹದಿನೈದು ನಿಮಿಷದ ಮೂರು ನಾಲ್ಕು ಸರದಿ ಮೇಲು. ಎಲ್ಲರ ಹಲ್ಲಿನ ಸಾಲೂ ಒಂದೇ ಅಲ್ಲ. ಕೆಳಹಲ್ಲು ಚೂಪಾಗಿದ್ದವರು ಅದರ ಮೇಲೆ ತೆಳುವಾದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಳ್ಳಬಹುದು. ಮೌತ್‌ಪೀಸಿನ ಮೇಲೆ ಅಂಟಿಸುವ ರಬ್ಬರಿನ ಬಿಲ್ಲೆ ಮೇಲಿನ ಹಲ್ಲಿಗೆ ಅದುರು ತಟ್ಟದಂತೆ ಕಾಯುತ್ತದೆ. ಮುಂದಿನ ಹಲ್ಲು ಅಲುಗುವ ಹಿರಿಯ ವಾದಕರಿಗೆ ಎರಡು ತುಟಿಯ ಹಿಡಿತ ಇನ್ನಷ್ಟು ವರ್ಷ ನುಡಿಸಲು ದಾರಿ ಮಾಡಿಕೊಟ್ಟೀತು. ಇಷ್ಟು ವಯಸ್ಸಾದ ಮೇಲೆ ಬಾಯಿ ಬದಲಿಸಲು ಆದೀತೇ ಎಂಬ ಸಂಶಯ ಅವರಿಗೆ ಬರುವುದು ಸಹಜ. 1909ರಲ್ಲಿ ಹುಟ್ಟಿ, ಜಾಜ್‌ನ ಸ್ವಿಂಗ್ ಶೈಲಿಯ ರಾಜನೆನಿಸಿಕೊಂಡಿದ್ದ ಬೆನ್ನಿ ಗುಡ್‌ಮನ್, ಹೆಸರು ಹಣ ಎಲ್ಲ ಬಂದಾದ ಮೇಲೆ, 1949ರಲ್ಲಿ ರೆಜಿನಾಲ್ಡ್ ಕೆಲ್ ಅವರ ಬಳಿ ಶಿಷ್ಯನಾಗಿ ಹೋಗಿ ಮೇಲಿನ ಹಲ್ಲಿನ ಹಿಡಿತ ಬಿಟ್ಟು ಎರಡು ತುಟಿಯ ಹಿಡಿತ ಕಲಿತ. ಆಗ ಅವನಿಗೆ ವಯಸ್ಸು 40. ಅಷ್ಟು ವರ್ಷದ ಬೆರಳಿನ ಅಭ್ಯಾಸವನ್ನೂ ಅವನು ಮತ್ತೆ ತಿದ್ದಿಕೊಳ್ಳಬೇಕಾಯಿತು. ಲಗ್ನದ ಹಂಗಾಮು ಮುಗಿದು ಮಳೆಗಾಲ ಶುರುವಾದಾಗ ಬ್ಯಾಂಡ್ ಕಂಪನಿಗಳಿಗೆ ಕೆಲಸ ಕಡಿಮೆ. ಹೊಸ ಹಿಡಿತವನ್ನು ರೂಢಿಸಿಕೊಳ್ಳಲು, ಊರಿನ ಸನಾದಿಯವರನ್ನು ಕರೆದು ಕೂಡಿಸಿಕೊಂಡು ಅವರ ತುಟಿಯನ್ನು ನೋಡಿ ಕಲಿಯಲು, ನಮ್ಮ ಸೀಮೆಯ ಕ್ಲಾರಿನೆಟ್ ವಾದಕರಿಗೆ ಆ ತಿಂಗಳುಗಳು ಸಿಗುತ್ತವೆ.